ಅಕ್ಕಿಮೂಟೆ ಮತ್ತು ನಮ್ಮ ಅತ್ತೆ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಮನೆಯವರು ಬಂದವರೆದುರಿಗೆಲ್ಲ ಹೇಳುತ್ತಾರೆ. ಇರಬಹುದು, ನಾನೇನೂ ಇಲ್ಲವೆನ್ನುವುದಿಲ್ಲ. ಆದರೆ ಜಂಭ ಎಲ್ಲಿತ್ತು ಎಂದು ಕೇಳಿದರೆ ಬೆನ್ನಿನಲ್ಲಿತ್ತು ಎಂದು ನಾನೇ ಒಪ್ಪಿಕೊಳ್ಳುತ್ತೇನೆ. ಐವತ್ತೊಂದು ವರ್ಷವಾದರೂ ಮಂಡಿ ಮಡಚದೆ ಬಗ್ಗಿ ಎರಡೂ ಅಂಗೈಗಳನ್ನು ನೆಲಕ್ಕೆ ಊರುತ್ತಿದ್ದೆ. ದಿನಾ ಬೆಳಗ್ಗೆ ಹನ್ನೆರಡು ಸೂರ್ಯನಮಸ್ಕಾರ. ರಥಸಪ್ತಮಿಯ ದಿನ ಇಲ್ಲಿಯ ಕನ್ನಡದವರೆಲ್ಲ ಒಂದು ಶಾಲೆಯ ಸಭಾಂಗಣದಲ್ಲಿ ಸೇರಿ ನೂರೆಂಟು ಹಾಕುವಾಗ ನಡುವೆ ನೀರು ಕುಡಿಯಲೂ ನಿಲ್ಲದವಳು ನಾನು. ನ್ಯೂಯಾರ್ಕಿನ ಹತ್ತಿರ ನಾವಿರುವ ವೆಸ್ಟ್ ವಿಂಡ್ಸರಿನಲ್ಲಿ ನನ್ನ ವಯಸ್ಸಿನ ಗೆಳತಿಯರು ಜಿಮ್ಮಿಗೆ ಸೇರಿ ಕಬ್ಬಿಣ ಎತ್ತುತ್ತಿದ್ದೇವೆ ಎಂದಾಗ ಒಳಗೊಳಗೇ ನಗು ಬರುತ್ತಿತ್ತು. ಮೈಯೇ ಸಾಕಷ್ಟು ಭಾರವಿರುವಾಗ ಮೇಲೆ ಇನ್ನೊಂದು ಭಾರ ಯಾಕಪ್ಪಾ ಎಂಬುದು ನನ್ನ ವಾದ.

ಆ ಬೆನ್ನು ಮೊದಲ ಸಲ ಕೈಕೊಟ್ಟಿದ್ದು ನ್ಯೂಯಾರ್ಕಿನಾಚೆಯ ಜೆರಿಕೋ ಎಂಬ ಊರಿನಲ್ಲಿ, ಒಂದು ಗೃಹಪ್ರವೇಶದಲ್ಲಿ. ಎರಡು ಸೇತುವೆಗಳ ಟ್ರಾಫಿಕ್ಕಿನಲ್ಲಿ ಎರಡೂವರೆ ಗಂಟೆ ಕೂತು ಬಂದಿದ್ದೆ. ಒಳಗೆ ಹೋದರೆ ಸೋಫಾದ ಮೇಲೆ ಸಾಲಾಗಿ ಆರು ಜನ ಹಿರಿಯರು. ಒಬ್ಬರಿಗೆ ನಮಸ್ಕಾರ ಮಾಡಿ ಇನ್ನೊಬ್ಬರನ್ನು ಬಿಡುವ ಹಾಗಿಲ್ಲವಲ್ಲ, ಒಂದೇ ಉಸಿರಿಗೆ ಬಗ್ಗಿ ಏಳುತ್ತ ಸಾಲು ಹಿಡಿದೆ. ನಾಲ್ಕನೆಯವರು ಮಂಗಳೂರಿನ ಕಡೆಯ ಒಬ್ಬ ಅಂಕಲ್. ಅವರ ಪಾದ ಮುಟ್ಟಿದ್ದೇ ತಡ, ಸೊಂಟದ ಮೇಲ್ಗಡೆ ಕಳಕ್ ಎಂದಿತು. ಏಳಲು ಆಗಲಿಲ್ಲ. ಅವರು ಪಾಪ, ನನ್ನ ಭಕ್ತಿ ನೋಡಿ ಗಾಬರಿಯಾಗಿ, ಗೊತ್ತಿದ್ದ ಆಶೀರ್ವಾದಗಳನ್ನೆಲ್ಲ ಒಂದೊಂದಾಗಿ ಹೇಳಿ ಮುಗಿಸಿ, "ಸಾಕಮ್ಮ, ಏಳಮ್ಮ" ಎಂದರು. ಆಮೇಲೆ ಇಬ್ಬರು ಹಿಡಿದು ಎತ್ತಿದರು.

ಕಾರಿನಿಂದಿಳಿದು ನನಗಿಂತ ಮೊದಲೇ ಒಳಗೆ ಹೋಗಿ ಆ ಸಾಲಿನ ಕೊನೆಯಲ್ಲಿ ಕೂತಿದ್ದವರು ನಮ್ಮ ಅತ್ತೆ. ಎಲ್ಲವನ್ನೂ ನೋಡಿದರು. ವಾಪಸು ಬರುವಾಗ ಕಾರಿನ ಹಿಂದಿನ ಸೀಟಿನಿಂದ ಹೇಳಿದರು, "ನೀ ಟೊಂಕದಾಗ ಬಾಗಂಗಿಲ್ಲವಾ, ಬೆನ್ನಾಗ ಬಾಗ್ತಿ. ಅದಕ್ಕ ಹಿಡೀತು." ಗದಗಿನವರು ಸೊಂಟಕ್ಕೆ ಟೊಂಕ ಎನ್ನುತ್ತಾರೆ. ನಾನು ಮೈಸೂರಿನವಳು, ನನಗೆ ಬಗ್ಗುವುದನ್ನು ಹೇಳಿಕೊಡಬೇಕೇ ಎಂದು ಮೈ ಉರಿಯಿತು. ಕೇಳಿಸದವಳಂತೆ ಕಿಟಕಿಯ ಕಡೆಗೆ ತಿರುಗಿದೆ.

ಕೇಳಿಸಿಕೊಳ್ಳಬೇಕಿತ್ತು. ಏಕೆಂದರೆ ಅವರು ಗದಗಿನ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಮೂವತ್ತು ವರ್ಷಕ್ಕಿಂತ ಹೆಚ್ಚು ಕಾಲ ಡ್ರಿಲ್ ಟೀಚರ್ ಆಗಿದ್ದವರು. ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ಕಾಲಿಗೆ ಬಿಳಿ ಕ್ಯಾನ್ವಾಸ್ ಶೂ ಹಾಕಿ, ಕೊರಳಲ್ಲಿ ತಾಳಿಯ ಜೊತೆಗೇ ಸೀಟಿ ನೇತುಹಾಕಿಕೊಂಡು ಮೈದಾನಕ್ಕೆ ಇಳಿಯುತ್ತಿದ್ದರಂತೆ. ಊರಿನ ಜನ ಮೊದಮೊದಲು ನಕ್ಕರು, ಆಮೇಲೆ ಹೆದರಿದರು, ಕೊನೆಗೆ ತಮ್ಮ ಹೆಣ್ಣುಮಕ್ಕಳನ್ನು ಅವರ ಕೈಗೇ ಒಪ್ಪಿಸಿದರು. ಈ ಕಥೆಗಳನ್ನೆಲ್ಲ ಮದುವೆಯಾದಾಗಿನಿಂದ ಕೇಳಿದ್ದೆ. ಆದರೆ ಕಥೆಯಾಗಿ ಕೇಳಿದ್ದೆ, ಅಷ್ಟೆ. ಮಾವನವರು ತೀರಿಕೊಂಡ ಮೇಲೆ ಅವರು ನಮ್ಮ ಜೊತೆಗೇ ಇದ್ದರು. ಬೆಳಗ್ಗೆ ಬಾಗಿಲ ಮುಂದೆ, ಬೆನ್ನು ಹಲಗೆಯ ಹಾಗೆ ನೇರ ಇಟ್ಟು, ಬಗ್ಗಿ ರಂಗೋಲಿ ಹಾಕುತ್ತಿದ್ದರು. ಆ ಬಾಗಿನಲ್ಲಿ ಏನಿದೆ ಎಂದು ನೋಡುವ ಕಣ್ಣು ನನಗಿರಲಿಲ್ಲ.

ಜೆರಿಕೋದ ಆ ಘಟನೆಯಾಗಿ ಎರಡು ವರ್ಷದ ಮೇಲೆ, ಅಕ್ಟೋಬರ್ ಕೊನೆಯಲ್ಲಿ, ಅತ್ತೆಗೆ ಸ್ಟ್ರೋಕ್ ಆಯಿತು. ಎಡಗೈ, ಎಡಗಾಲು ಸೋತವು. ಮಾತು ತೊದಲತೊಡಗಿತು. ಕಲಿತಿದ್ದ ನಾಲ್ಕು ಇಂಗ್ಲಿಷ್ ಮಾತುಗಳು ಪೂರ್ತಿ ಹೋಗಿ ಗದಗಿನ ಕನ್ನಡ ಮಾತ್ರ ಉಳಿಯಿತು. ಆಸ್ಪತ್ರೆಯಿಂದ ಅವರನ್ನು ರಿಹ್ಯಾಬಿಗೆ, ಅಂದರೆ ಸೋತ ಕೈಕಾಲುಗಳಿಗೆ ಮತ್ತೆ ಅಭ್ಯಾಸ ಮಾಡಿಸುವ ಕೇಂದ್ರಕ್ಕೆ, ಕಳಿಸಿದರು. ಎರಡು ವಾರ ಕಳೆದ ಮೇಲೆ ಅಲ್ಲಿ ಒಂದು ಮೀಟಿಂಗ್ ಕರೆದರು. ಅತ್ತೆಯ ಫಿಸಿಕಲ್ ಥೆರಪಿಸ್ಟ್, ನ್ಯೂವರ್ಕ್ ಪಟ್ಟಣದ ಕಡೆಯ ದಪ್ಪ ದನಿಯ ಹೆಂಗಸು, ಸುತ್ತುಬಳಸದೆ ಹೇಳಿದಳು: ಇವರನ್ನು ಮನೆಗೆ ಕಳಿಸಬೇಕಾದರೆ, ಹಾಸಿಗೆಯಿಂದ ಗಾಲಿಕುರ್ಚಿಗೆ, ಕುರ್ಚಿಯಿಂದ ಕಮೋಡಿಗೆ ಒಬ್ಬರೇ ಎತ್ತಿ ಕೂರಿಸಬಲ್ಲವರು ಹಗಲು ಮನೆಯಲ್ಲಿ ಇರಬೇಕು. ಅದನ್ನು ಅವಳ ಕಣ್ಣೆದುರು ಮಾಡಿ ತೋರಿಸಬೇಕು. ಇಲ್ಲದಿದ್ದರೆ ನರ್ಸಿಂಗ್ ಹೋಮ್. ನಾಲ್ಕು ವಾರ ಸಮಯವಿದೆ.

ಮನೆಯವರು ಬೆಳಗ್ಗೆ ಆರೂಮುಕ್ಕಾಲಿನ ಟ್ರೇನ್ ಹಿಡಿದು ನ್ಯೂಯಾರ್ಕಿಗೆ ಹೋದರೆ ಮನೆ ಸೇರುವುದು ರಾತ್ರಿ ಏಳೂವರೆಗೆ. ನನ್ನ ಆಫೀಸು ಹತ್ತಿರದ ಕ್ರ್ಯಾನ್‌ಬರಿಯಲ್ಲಿ. ಔಷಧಿ ಕಂಪನಿ, ಪ್ರಯೋಗದ ಅಂಕಿಅಂಶಗಳಲ್ಲಿ ತಪ್ಪು ಹುಡುಕುವ ಕೆಲಸ, ಮನೆಯಿಂದಲೇ ಮಾಡಬಹುದು. ಅಂದರೆ ಎತ್ತಬೇಕಾದವಳು ನಾನೇ.

ಮಗನೆದುರು ಅತ್ತೆ, "ನನ್ನ ಎಲ್ಲಿ ಇಟ್ರೂ ನಡೀತದ ಬಿಡಪಾ" ಎಂದರು. ಮನೆಯವರು ಕಾರು ತರಲು ಆಚೆ ಹೋದಮೇಲೆ ಅತ್ತೆ ಬಲಗೈಯಿಂದ ನನ್ನ ಮುಂಗೈ ಹಿಡಿದುಕೊಂಡರು. "ಇಲ್ಲಿ ಇಡಬ್ಯಾಡ್ರವಾ," ಎಂದರು. "ನನ್ನ ಮಾತು ಯಾರಿಗೂ ತಿಳಿಯಂಗಿಲ್ಲ ಇಲ್ಲಿ." ಇಪ್ಪತ್ತಾರು ವರ್ಷದಲ್ಲಿ ಅವರು ನನ್ನನ್ನು ಏನನ್ನೂ ಬೇಡಿದವರಲ್ಲ. "ಇಡಲ್ಲ ಅತ್ತೆ, ನೀವು ಸುಮ್ನಿರಿ," ಎಂದು ಗದರಿದೆ. ಅಳು ಬಂದಾಗ ನಾನು ಗದರುತ್ತೇನೆ.

ಮಾರನೆಯ ದಿನವೇ ಮೊದಲ ಪ್ರಯತ್ನ. ಅತ್ತೆಯ ಸೊಂಟಕ್ಕೆ ಥೆರಪಿಸ್ಟ್ ಒಂದು ಅಗಲವಾದ ಪಟ್ಟಿ ಬಿಗಿದಳು, ಹಿಡಿದು ಎತ್ತುವುದಕ್ಕೆ. ನಾನು ಎದುರು ನಿಂತು, ಅವರ ಎಡಮಂಡಿ ಕುಸಿಯದ ಹಾಗೆ ನನ್ನ ಮಂಡಿ ಒತ್ತಿಟ್ಟು, ಪಟ್ಟಿ ಹಿಡಿದು, ಸೂರ್ಯನಮಸ್ಕಾರದ ಮೂರನೆಯ ಆಸನಕ್ಕೆ ಬಗ್ಗುವ ಹಾಗೆ ಬಗ್ಗಿ ಎಳೆದೆ. ಅತ್ತೆಯ ತೂಕ ನೂರೈವತ್ತು ಪೌಂಡ್, ಹತ್ತಿರ ಹತ್ತಿರ ಎಪ್ಪತ್ತು ಕಿಲೋ. ಒಂದು ಗೇಣು ಎದ್ದರು. ಅಷ್ಟರಲ್ಲಿ ಜೆರಿಕೋದ ಅದೇ ಜಾಗದಲ್ಲಿ ಅದೇ ಕಳಕ್. ಅತ್ತೆ ಹಾಸಿಗೆಯ ಮೇಲೆ ಕುಸಿದರು, ನಾನು ಅತ್ತೆಯ ಮೇಲೆ ಕುಸಿದೆ. ಥೆರಪಿಸ್ಟಿನ ಕೈ ಪಟ್ಟಿಯ ಮೇಲೇ ಇದ್ದದ್ದರಿಂದ ಯಾರಿಗೂ ಏನೂ ಆಗಲಿಲ್ಲ.

ಥೆರಪಿಸ್ಟ್ ನನ್ನನ್ನು ಒಂದು ಕುರ್ಚಿಯಲ್ಲಿ ಕೂರಿಸಿದಳು. "ನೀನು ಚೆನ್ನಾಗಿ ಬಗ್ಗುತ್ತೀಯ, ಒಪ್ಪಿದೆ. ಆದರೆ ಬಗ್ಗುವುದೇ ಬೇರೆ, ಬಗ್ಗಿದಲ್ಲಿಂದ ಭಾರ ಹೊತ್ತು ಏಳುವುದೇ ಬೇರೆ," ಎಂದಳು. ಏಳುವ ಶಕ್ತಿ ಬೆನ್ನಿನದಲ್ಲವಂತೆ. ತೊಡೆಯ ಹಿಂಭಾಗ ಮತ್ತು ಪೃಷ್ಠದ ಸ್ನಾಯುಗಳು ಸೊಂಟದ ಕೀಲನ್ನು ಬಾಗಿಲಿನ ಹಾಗೆ ತೆರೆಯಬೇಕು, ಬೆನ್ನು ಸುಮ್ಮನೆ ಗಟ್ಟಿಯಾಗಿ ನಿಂತಿರಬೇಕು. ಅದಕ್ಕೆ ಭಾರ ಎತ್ತಿಯೇ ಅಭ್ಯಾಸ ಮಾಡಬೇಕು, ಬೇರೆ ದಾರಿಯಿಲ್ಲ ಎಂದಳು. ಹಿಡಿಕೆ ಇರುವ ಕಬ್ಬಿಣದ ಗುಂಡು, ಕೆಟಲ್‌ಬೆಲ್ ಎನ್ನುತ್ತಾರಲ್ಲ, ಅದನ್ನು ಕೊಂಡು ತಾ ಎಂದಳು. ಸೂರ್ಯನಮಸ್ಕಾರದ ಬಗ್ಗೆ ನಾನು ಬಾಯಿ ತೆರೆದೆ. ಅವಳು ನನ್ನ ಮುಖವನ್ನೇ ನೋಡಿದಳು. ಬಾಯಿ ಮುಚ್ಚಿಕೊಂಡೆ.

ಇದನ್ನೆಲ್ಲ ಅತ್ತೆಗೆ ಕನ್ನಡದಲ್ಲಿ ಹೇಳಿದೆ. ನನ್ನ ಪರವಾಗಿ ಮಾತಾಡುತ್ತಾರೆ, ಯೋಗವನ್ನು ಬಿಟ್ಟುಕೊಡುವುದಿಲ್ಲ ಎಂದು ನಾನು ನಂಬಿದ್ದೆ. ಅವರು ತಲೆಯಾಡಿಸಿ, "ಆಕಿ ಹೇಳೂದು ಖರೆ ಅದ," ಎಂದುಬಿಟ್ಟರು. "ಆದ್ರ ಮದ್ಲ ಖಾಲಿ ಕೊಡ. ಆಮ್ಯಾಲ ತುಂಬಿದ ಕೊಡ."

ಕೊಡದ ಕಥೆ ನನಗೆ ಗೊತ್ತಿರಲಿಲ್ಲ. ಅವರ ಶಾಲೆಗೆ ಬರುತ್ತಿದ್ದ ಹುಡುಗಿಯರು ಬೆಳಗ್ಗೆ ಹತ್ತು ಹದಿನೈದು ಕೊಡ ನೀರು ಹೊತ್ತು ಬರುತ್ತಿದ್ದರಂತೆ. ಹದಿನಾಲ್ಕು ವರ್ಷಕ್ಕೇ ಬೆನ್ನು ಹಿಡಿದುಕೊಂಡು ಕೂರುವವರು. ಅತ್ತೆ ಒಂದು ದಿನ ಮೈದಾನಕ್ಕೆ ಇಪ್ಪತ್ತು ಕೊಡ ತರಿಸಿ, ಡ್ರಿಲ್ ಪೀರಿಯಡ್ಡಿನಲ್ಲಿ ಎತ್ತುವುದನ್ನು ಕಲಿಸತೊಡಗಿದರು. ಮೊದಲು ಕೊಡವೇ ಇಲ್ಲದೆ ಬರೀ ಬಾಗು. ಆಮೇಲೆ ಖಾಲಿ ಕೊಡ, ಅರ್ಧ ಕೊಡ, ಕೊನೆಗೆ ತುಂಬಿದ ಕೊಡ. ಹೆಡ್‌ಮಾಸ್ತರು ಬಂದು, ಇದು ಡ್ರಿಲ್ಲೋ ಮನೆಗೆಲಸವೋ ಎಂದು ಕೇಳಿದರು. "ಹುಡುಗ್ಯಾರು ನೀರು ಹೊರೂದು ನೀವು ನಿಲ್ಲಸ್ರಿ ಸರ್, ನಾ ಇದನ್ನ ನಿಲ್ಲಸ್ತೀನಿ," ಎಂದರಂತೆ ಅತ್ತೆ. ತೊದಲುತ್ತ, ನಡುನಡುವೆ ಎಂಜಲು ಒರೆಸಿಕೊಳ್ಳುತ್ತ ಇದನ್ನು ಹೇಳಿ ಮುಗಿಸಲು ಅವರಿಗೆ ಅರ್ಧ ಗಂಟೆ ಬೇಕಾಯಿತು. ನಾನು ಮೈಯೆಲ್ಲ ಕಿವಿಯಾಗಿ ಕೂತಿದ್ದೆ. ಇಂಥ ಹೆಂಗಸು ನಮ್ಮ ಮನೆಯಲ್ಲಿ ಇಷ್ಟು ವರ್ಷ ಕೊತ್ತಂಬರಿ ಸೋಸುತ್ತ ಕೂತಿದ್ದರಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು.

ಅಂದೇ ಪಾಠ ಶುರು. ರಿಹ್ಯಾಬಿನ ಮೂಲೆಯಲ್ಲಿದ್ದ ಕಸಬರಿಕೆಯ ಕೋಲು ತರಿಸಿದರು. ಅದನ್ನು ಬೆನ್ನ ಮೇಲೆ ಉದ್ದಕ್ಕೆ ಹಿಡಿಯಬೇಕು. ತಲೆಯ ಹಿಂಭಾಗ, ಹೆಗಲಿನ ರೆಕ್ಕೆಮೂಳೆಗಳ ನಡುವೆ, ಬಾಲದ ಮೂಳೆ, ಈ ಮೂರೂ ಕಡೆ ಕೋಲು ತಾಗಿರಬೇಕು. ಬಾಗುವಾಗ ಒಂದು ಕಡೆ ಬಿಟ್ಟರೂ ತಪ್ಪು. ನಾನು ಬಾಗಿದೆ, ಬಾಲದ ಮೂಳೆಯಿಂದ ಕೋಲು ಎದ್ದಿತು. ಮತ್ತೆ ಬಾಗಿದೆ, ತಲೆಯಿಂದ ಎದ್ದಿತು. ನೂರೆಂಟು ನಮಸ್ಕಾರ ಹಾಕುವವಳಿಗೆ ಒಂದು ಬಾಗು ಬರುತ್ತಿರಲಿಲ್ಲ.

"ಕುಂಡಿ ಹಿಂದ ತಗೊಳ್ಳವಾ, ಕುಂಡಿ!" ಎಂದು ಅತ್ತೆ ಕೂಗಿದರು. ನಮ್ಮ ಮೈಸೂರಿನ ಮನೆಯಲ್ಲಿ ಆ ಪದ ಆಡಿದರೆ ಅಜ್ಜಿ ಬಾಯಿಗೆ ಮೆಣಸಿನಪುಡಿ ಹಾಕುತ್ತಿದ್ದರು. ಪುಣ್ಯಕ್ಕೆ ಆ ವಾರ್ಡಿನಲ್ಲಿ ಕನ್ನಡ ಬರುವವರು ಯಾರೂ ಇರಲಿಲ್ಲ.

ಕೊನೆಗೆ ಅದು ಬಂದದ್ದು ಮನೆಯಲ್ಲಿ, ಅಡುಗೆಮನೆಯಲ್ಲಿ. ಎರಡೂ ಕೈಯಲ್ಲಿ ಪಾತ್ರೆಯಿದ್ದಾಗ ಫ್ರಿಜ್ಜಿನ ಬಾಗಿಲನ್ನು ಹಿಂಭಾಗದಿಂದ ತಳ್ಳಿ ಮುಚ್ಚುತ್ತೇವಲ್ಲ, ಅದೇ! ಬಗ್ಗುವುದಲ್ಲ, ಹಿಂದಕ್ಕೆ ಹೋಗುವುದು. ಮೈ ತಾನಾಗಿ ಮುಂದಕ್ಕೆ ಬಾಗುತ್ತದೆ, ತೊಡೆಯ ಹಿಂಭಾಗ ಬಿಲ್ಲಿನ ಹೆದೆಯ ಹಾಗೆ ಬಿಗಿಯುತ್ತದೆ, ಬೆನ್ನಿಗೆ ಕೆಲಸವೇ ಇಲ್ಲ. ಮಾರನೆಯ ದಿನ ಅತ್ತೆಯೆದುರು ಮಾಡಿ ತೋರಿಸಿದೆ. ಮೂರೂ ಕಡೆ ಕೋಲು ತಾಗಿತ್ತು. "ಬಂತು," ಎಂದರು. ಅಷ್ಟೇ. ನನಗೆ ಡಿಸ್ಟಿಂಕ್ಷನ್ ಸಿಕ್ಕಷ್ಟು ಖುಷಿಯಾಯಿತು.

ಒಂದು ವಾರ ಬರೀ ಮೈಯ ಅಭ್ಯಾಸ. ಗೋಡೆಗೆ ಬೆನ್ನು ಹಾಕಿ ಒಂದು ಗೇಣು ದೂರ ನಿಂತು ಹಿಂಭಾಗ ತಾಗಿಸುವುದು, ದಿನಕ್ಕೆ ಒಂದು ಬೆರಳು ದೂರ ಜಾಸ್ತಿ ಮಾಡುವುದು. ಅಂಗಾತ ಮಲಗಿ ಪಾದ ಊರಿ ಸೊಂಟ ಎತ್ತುವುದು, ಆಮೇಲೆ ಒಂದೇ ಕಾಲಿನಲ್ಲಿ. ಬೆನ್ನುನೋವು ಹೇಳಹೆಸರಿಲ್ಲದೆ ಹೋಯಿತು. ಅಬ್ಬಾ, ಮೈಗಿಂತ ಬೇರೆ ಭಾರ ಯಾಕೆ ಬೇಕು ಎಂದು ಜಂಭ ಮತ್ತೆ ತಲೆಯೆತ್ತಿತು. ಆದರೂ ಥೆರಪಿಸ್ಟ್ ಬಿಡಬೇಕಲ್ಲ, ಭಾರ ಎತ್ತಿದೆಯಾ ಎಂದು ದಿನಾ ಕೇಳುತ್ತಿದ್ದಳು.

ಕಬ್ಬಿಣದ ಗುಂಡು ಕೊಳ್ಳಲು ಮನಸ್ಸೇ ಬರಲಿಲ್ಲ. ಕೆಲಸ ಮುಗಿದ ಮೇಲೆ ಅದನ್ನೇನು ಮಾಡುವುದು? ಗ್ಯಾರೇಜಿನಲ್ಲಿ ಇಂಡಿಯನ್ ಸ್ಟೋರಿನಿಂದ ತಂದ ನಲವತ್ತು ಪೌಂಡಿನ ಅಕ್ಕಿಮೂಟೆಯಿತ್ತು. ಮೇಲೆ ಜಿಪ್, ಎರಡು ಗಟ್ಟಿ ಹಿಡಿಕೆ. ದೇವರೇ ಕಳಿಸಿದ ಹಾಗಿತ್ತು. ಎತ್ತಿದ ಹಾಗೂ ಆಯಿತು, ಆಮೇಲೆ ಅನ್ನ ಮಾಡಿದ ಹಾಗೂ ಆಯಿತು ಎಂದು ನನ್ನ ಬುದ್ಧಿಗೆ ನಾನೇ ಭೇಷ್ ಎಂದುಕೊಂಡೆ. ದಿನಾ ಬೆಳಗ್ಗೆ ಕೋಲು ಹಿಡಿದು ಹತ್ತು ಬಾಗು, ಆಮೇಲೆ ಮೂಟೆ ಹಿಡಿದು ಐದೈದರಂತೆ ಐದು ಸಲ.

ಮೊದಲ ದಿನ ಮೂಟೆ ನೆಲ ಬಿಟ್ಟು ಏಳಲು ಹಟ ಹಿಡಿದಿತ್ತು. ಒಂದು ವಾರಕ್ಕೆ ಸಲೀಸಾಯಿತು. ಎರಡನೆಯ ವಾರ ಐದರ ಬದಲು ಎಂಟು. ಮೂರನೆಯ ವಾರದ ಹೊತ್ತಿಗೆ ಹೂವಿನ ಬುಟ್ಟಿ ಎತ್ತುವ ಹಾಗೆ ಎತ್ತುತ್ತಿದ್ದೆ. ಮೂಟೆ ಸ್ವಲ್ಪ ಸಡಿಲವಾಗಿ ಕಂಡಿತ್ತು, ಸುಳ್ಳು ಯಾಕೆ ಹೇಳಲಿ. ಎತ್ತಿ ಇಳಿಸಿ ಅಕ್ಕಿ ಒಳಗೆ ಕೂತಿರಬೇಕು ಎಂದುಕೊಂಡೆ. "ನಲವತ್ತು ಪೌಂಡ್ ನನಗೀಗ ಲೆಕ್ಕಕ್ಕೇ ಇಲ್ಲ," ಎಂದು ಥೆರಪಿಸ್ಟಿಗೆ ಹೇಳಿದೆ. "ಇಷ್ಟು ಬೇಗ?" ಎಂದು ಅವಳು ಹುಬ್ಬೇರಿಸಿದಳು. "ನಮ್ಮ ಅತ್ತೆ ಟೀಚರ್," ಎಂದೆ.

ನಾಲ್ಕನೆಯ ವಾರದ ಕೊನೆಗೆ ಪರೀಕ್ಷೆ. ಈ ಸಲ ಬಾಗು ಸರಿಯಿತ್ತು. ಬೆನ್ನು ಚೂರೂ ನೋಯಲಿಲ್ಲ. ಆದರೆ ಅತ್ತೆ ಅರ್ಧ ಎದ್ದಮೇಲೆ ನನ್ನ ತೊಡೆಗಳು ಗಡಗಡ ನಡುಗಿ, ಅಲ್ಲಿಂದ ಮೇಲಕ್ಕೆ ಒಂದು ಅಂಗುಲವೂ ಹೋಗಲಿಲ್ಲ. ಥೆರಪಿಸ್ಟ್ ಪಟ್ಟಿ ಹಿಡಿದು ಅತ್ತೆಯನ್ನು ಕೂರಿಸಿದಳು. ಬಾಗು ಬಹಳ ಚೆನ್ನಾಗಿದೆ, ಶಕ್ತಿ ಸಾಲದು ಎಂದು ಬರೆದುಕೊಂಡಳು. ಅತ್ತೆ ಕಿಟಕಿಯಾಚೆಗಿನ ಪಾರ್ಕಿಂಗ್ ಲಾಟನ್ನು ನೋಡುತ್ತ ಕೂತರು.

ಮನೆಗೆ ಬಂದೆ. ಮನೆಯವರು ಅನ್ನಕ್ಕೆ ಇಡುತ್ತಿದ್ದರು. ನಾನು ಸಂಜೆಯೆಲ್ಲ ರಿಹ್ಯಾಬಿನಲ್ಲಿರುತ್ತಿದ್ದರಿಂದ ಒಂದು ತಿಂಗಳಿಂದ ಅಡುಗೆ ಅವರದೇ. ಅವರ ಕೈಯಲ್ಲಿ ಪಾವು ಇತ್ತು. ಪಾವಿನ ತುಂಬ ಅಕ್ಕಿಯಿತ್ತು.

"ರೀ, ಅಕ್ಕಿ ಎಲ್ಲಿಂದ ತೆಗೀತಿದೀರಿ?"

"ಗ್ಯಾರೇಜ್‌ನಾಗಿನ ಚೀಲದಾಗಿಂದ. ಯಾಕ?"

"ದಿನಾನಾ?"

"ಮತ್ತ? ಥ್ಯಾಂಕ್ಸ್‌ಗಿವಿಂಗಿಗೆ ತಮ್ಮನ ಮನಿಯವ್ರು ಬಂದಾಗ ನಾಕ್ ದಿನ ಪುಲಾವ್ ಮಾಡ್ಲಿಲ್ಲೇನ್? ಅದೂ ಅದರಾಗಿಂದನ."

ಮೂಟೆಯನ್ನು ಬಾತ್‌ರೂಮಿನ ತೂಕದ ಯಂತ್ರದ ಮೇಲೆ ಇಟ್ಟೆ. ಹತ್ತೊಂಬತ್ತು ಪೌಂಡ್. ಪ್ರಯೋಗದ ಅಂಕಿಅಂಶಗಳನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುವುದಕ್ಕೆ ನನಗೆ ಸಂಬಳ ಕೊಡುತ್ತಾರೆ! ಮೂರು ವಾರ ನಾನು ಬಲಶಾಲಿಯಾಗುತ್ತಿದ್ದೇನೆ ಎಂದು ಬೀಗಿದ್ದೆನಲ್ಲ, ಅದರಲ್ಲಿ ಅರ್ಧಕ್ಕರ್ಧ ಮೊಸರನ್ನವಾಗಿ ನನ್ನ ಹೊಟ್ಟೆಯನ್ನೇ ಸೇರಿತ್ತು. ಅಕ್ಕಿ ತೆಗೆದದ್ದು ಅವರ ತಪ್ಪೆಂದು ಹೇಗೆ ಹೇಳಲಿ? ಅಕ್ಕಿ ಇರುವುದೇ ತೆಗೆಯುವುದಕ್ಕೆ. ಆದರೂ ಕೂಗಾಡಿದೆ. ಅವರು ಪಾವು ಹಿಡಿದುಕೊಂಡೇ ಕೇಳಿಸಿಕೊಂಡರು.

ಮಾರನೆಯ ದಿನ ಅತ್ತೆಗೆ ಹೇಳುವಾಗ ನಾಚಿಕೆಯಿಂದ ತಲೆ ತಗ್ಗಿತ್ತು. ಅವರು ಮೊದಲು ಅರ್ಥವಾಗದವರಂತೆ ನೋಡಿದರು. ಆಮೇಲೆ ಹೊಟ್ಟೆ ಕುಲುಕತೊಡಗಿತು. ಸ್ಟ್ರೋಕ್ ಆದಮೇಲೆ ಅವರು ನಕ್ಕಿರಲಿಲ್ಲ. ಬಾಯಿಯ ಬಲಭಾಗ ಮಾತ್ರ ನಗುತ್ತಿತ್ತು, ಎಡಗಣ್ಣಿನಿಂದ ನೀರು ಇಳಿಯುತ್ತಿತ್ತು. "ಉಣ್ಕೋತ ಉಣ್ಕೋತ ಪೈಲ್ವಾನಳಾದಿ ಬಿಡವಾ!" ಎಂದರು. ನಾನೂ ನಕ್ಕೆ. ಏನು ಗಲಾಟೆ ಎಂದು ನೋಡಲು ಬಂದ ಥೆರಪಿಸ್ಟಿಗೂ ಇಂಗ್ಲಿಷಿನಲ್ಲಿ ಹೇಳಬೇಕಾಯಿತು. ಅವಳು ಗೋಡೆ ಹಿಡಿದುಕೊಂಡು ನಕ್ಕಳು. ಆಮೇಲೆ ಹೋಗಿ ಏನು ಬರೆದಳೋ, ಯಾರೊಡನೆ ಮಾತಾಡಿದಳೋ, ನಮಗೆ ಇನ್ನೂ ಮೂರು ವಾರ ಸಿಕ್ಕಿತು. ಅದೇ ಕೊನೆ ಎಂದೂ ಹೇಳಿದಳು.

ಅಂದು ಸಂಜೆಯೇ ಕಬ್ಬಿಣ ಕೊಂಡೆ. ಮೊದಲು ಮೂವತ್ತೈದು ಪೌಂಡಿನದು, ವಾರದ ಮೇಲೆ ಐವತ್ತಮೂರರದು. ಕಬ್ಬಿಣವನ್ನು ಯಾರೂ ಬೇಯಿಸುವುದಿಲ್ಲ. ಅದರಲ್ಲಿ ಒಂದು ನಿಷ್ಠುರವಿತ್ತು, ಅದು ನನಗೆ ಬೇಕಾಗಿತ್ತು. ಬರೀ ಮೈಯಲ್ಲಿ ಬಾಗುವಾಗ ಸ್ವಲ್ಪ ಕಳ್ಳಾಟ ಆಡಿದರೂ ಮೈ ಕ್ಷಮಿಸಿಬಿಡುತ್ತದೆ. ಕಬ್ಬಿಣ ಹಿಡಿದಾಗ ಬೆನ್ನು ಒಂದಿಷ್ಟು ಗುಂಡಗಾದರೆ ಅಲ್ಲೇ ಗೊತ್ತಾಗುತ್ತದೆ. ಹಾಗೆಂದು ಮೊದಲ ವಾರದ ಕೋಲಿನ ಪಾಠ ಇಲ್ಲದೆ ನೇರವಾಗಿ ಇದನ್ನು ಎತ್ತಿದ್ದರೆ ನಾನು ಅದೇ ವಾರ್ಡಿನಲ್ಲಿ ಅತ್ತೆಯ ಪಕ್ಕದ ಹಾಸಿಗೆ ಹಿಡಿದಿರುತ್ತಿದ್ದೆ. ಇಬ್ಬರು ಗುರುಗಳೂ ಸರಿಯಾಗಿಯೇ ಹೇಳಿದ್ದರು. ಇಬ್ಬರ ಮಾತಿನಲ್ಲೂ ನನಗೆ ಬೇಕಾದಷ್ಟನ್ನು ಮಾತ್ರ ಕೇಳಿಸಿಕೊಂಡವಳು ನಾನು.

ಮೂರು ವಾರಕ್ಕೆ ಯಾರೂ ಪೈಲ್ವಾನರಾಗುವುದಿಲ್ಲ. ಅದಕ್ಕೇ ಥೆರಪಿಸ್ಟ್ ಇನ್ನೊಂದನ್ನು ಕಲಿಸಿದಳು. ಕೂತ ಮನುಷ್ಯರನ್ನು ನಿಧಾನವಾಗಿ ಎತ್ತುತ್ತ ಹೋದರೆ ಅರ್ಧದಲ್ಲಿ ಶಕ್ತಿ ಮುಗಿಯುತ್ತದೆ. ಎರಡು ಸಲ ತೂಗಿ, ಮೂರನೆಯದಕ್ಕೆ ಸೊಂಟದಿಂದ ಒಂದೇ ಏಟಿಗೆ ಏಳಬೇಕು. ಅದಕ್ಕೆ ಗುಂಡನ್ನು ಎರಡೂ ಕೈಯಲ್ಲಿ ಹಿಡಿದು, ಕಾಲುಗಳ ನಡುವಿನಿಂದ ಹಿಂದಕ್ಕೆ ತೂಗಿ, ಸೊಂಟ ಚಿಮ್ಮಿಸಿ ಎದೆಯ ಮಟ್ಟಕ್ಕೆ ಹಾರಿಸುವ ಅಭ್ಯಾಸ. ಕೈಗಳು ಬರೀ ಹಗ್ಗ, ಕೆಲಸವೆಲ್ಲ ಸೊಂಟದ್ದು. ಡಿಸೆಂಬರಿನ ಚಳಿಯಲ್ಲಿ ಗ್ಯಾರೇಜಿನಲ್ಲಿ ಉಸಿರು ಹೊಗೆಯಾಗುತ್ತಿತ್ತು, ಜಾಕೆಟ್ಟಿನ ಒಳಗೆ ಬೆವರು ಇಳಿಯುತ್ತಿತ್ತು. ಸಂಜೆ ಅತ್ತೆಯೆದುರು ಅದನ್ನೇ ಬರಿಗೈಯಲ್ಲಿ ಮಾಡಿ ತೋರಿಸುತ್ತಿದ್ದೆ. ಅವರು ಬಲಗೈಯಿಂದ ತೊಡೆಗೆ ಬಡಿದು ಎಣಿಸುತ್ತಿದ್ದರು, "ಏಕ್... ದೋ... ತೀನ್!" ಆ ತೀನ್ ಬಂದಾಗ ಮಾತಿನ ತೊದಲು ಮಾಯವಾಗುತ್ತಿತ್ತು. ಗದಗಿನ ಮೈದಾನದಲ್ಲಿ ಇನ್ನೂರು ಹುಡುಗಿಯರನ್ನು ಒಟ್ಟಿಗೆ ನಿಲ್ಲಿಸಿದ ದನಿ ಅದು. ನಾನು ಮದುವೆಯಾಗಿ ಬಂದ ಮನೆಯಲ್ಲಿ ಆ ದನಿ ಇದ್ದದ್ದು ನನ್ನ ಭಾಗ್ಯ. ಇದನ್ನು ಅವರೆದುರು ಹೇಳಿರಲಿಲ್ಲ, ಇಲ್ಲಿ ಹೇಳುತ್ತಿದ್ದೇನೆ.

ಕೊನೆಯ ಪರೀಕ್ಷೆ ಒಂದು ಗುರುವಾರ ಬೆಳಗ್ಗೆ. ಮನೆಯವರು ರಜೆ ಹಾಕಿ ಬಂದು ಬಾಗಿಲ ಹತ್ತಿರ ನಿಂತಿದ್ದರು. ಗಾಲಿಕುರ್ಚಿಯನ್ನು ಹಾಸಿಗೆಯ ಅಂಚಿನಲ್ಲಿ ಕೂತಿದ್ದ ಅತ್ತೆಯ ಬಲಕ್ಕೆ ಓರೆಯಾಗಿ ಇಟ್ಟೆ, ಬ್ರೇಕ್ ಹಾಕಿದೆ, ಕಾಲಿಡುವ ತಟ್ಟೆಗಳನ್ನು ಮಡಚಿದೆ. ಸೊಂಟಕ್ಕೆ ಪಟ್ಟಿ ಬಿಗಿದೆ. ಮಂಡಿಗೆ ಮಂಡಿ ಕೊಟ್ಟೆ. ಹಿಂದಕ್ಕೆ ಹೋದೆ, ತೊಡೆಯ ಹಿಂಭಾಗ ಬಿಗಿಯಿತು, ಬೆನ್ನು ನೆಟ್ಟಗಿತ್ತು. ಸೋತರೆ ಇವರು ಈ ಕಿಟಕಿಯ ಪಕ್ಕದಿಂದ ನರ್ಸಿಂಗ್ ಹೋಮಿನ ಇನ್ನೊಂದು ಕಿಟಕಿಯ ಪಕ್ಕಕ್ಕೆ ಹೋಗುತ್ತಾರೆ, ಅಲ್ಲಿ ನೀರು ಬೇಕೆಂದು ಕೇಳಿದರೂ ಯಾರಿಗೂ ತಿಳಿಯುವುದಿಲ್ಲ. ಥೆರಪಿಸ್ಟ್ ಅತ್ತೆಯ ಎಡಕ್ಕೆ ನಿಂತು ಎಣಿಸಿದಳು. ಆಶ್ಚರ್ಯ, ಅವಳೂ ಏಕ್, ದೋ ಎಂದೇ ಎಣಿಸಿದಳು.

ತೀನ್ ಎಂದದ್ದೇ ಸೊಂಟ ಚಿಮ್ಮಿಸಿದೆ. ಅತ್ತೆ ಮೇಲೆದ್ದರು.

ಹಗುರವಾಗಿದ್ದರು. ನಾನು ಸಿದ್ಧಳಾಗಿದ್ದ ಭಾರದ ಅರ್ಧವೂ ಇರಲಿಲ್ಲ. ನನಗೆ ಮೊದಲು ಹೊಳೆದದ್ದು ಆ ದರಿದ್ರ ಅಕ್ಕಿಮೂಟೆ. ಅಯ್ಯೋ, ಇದರೊಳಗಿಂದಲೂ ಯಾರೋ ತೆಗೆದಿದ್ದಾರೆ, ಥೆರಪಿಸ್ಟ್ ಹಿಂದಿನಿಂದ ಪಟ್ಟಿ ಎತ್ತಿ ಹಿಡಿದಿದ್ದಾಳೆ, ಇದು ಪಾಸಲ್ಲ ಎಂದುಕೊಂಡೆ. ತಲೆಯೆತ್ತಿ ನೋಡಿದರೆ ಅವಳು ಎರಡು ಹೆಜ್ಜೆ ಹಿಂದೆ, ಎರಡೂ ಅಂಗೈಗಳನ್ನು ಅಗಲಿಸಿ ತೋರಿಸುತ್ತ ನಿಂತಿದ್ದಳು. ಯಾರೂ ಹಿಡಿದಿರಲಿಲ್ಲ. ಕೆಳಗೆ ನೋಡಿದೆ. ಅತ್ತೆಯ ಬಲಪಾದ ನೆಲವನ್ನು ಒತ್ತಿಹಿಡಿದಿತ್ತು, ಕಾಲು ಮಂಡಿಯವರೆಗೂ ನಡುಗುತ್ತಿತ್ತು. ಅದರ ಪಕ್ಕದಲ್ಲಿ ಆ ಸತ್ತ ಎಡಪಾದವೂ, ಸ್ವಲ್ಪವೇ ಸ್ವಲ್ಪ, ನೆಲವನ್ನು ಒತ್ತುತ್ತಿತ್ತು.

ಆಮೇಲೆ ತಿಳಿದದ್ದು: ಅಕ್ಕಿಮೂಟೆಯ ಕಥೆ ಹೇಳಿದ ಮಾರನೆಯ ಬೆಳಗ್ಗೆಯಿಂದ, ನಾನು ಗ್ಯಾರೇಜಿನಲ್ಲಿ ಗುಂಡು ತೂಗುತ್ತಿದ್ದ ಹೊತ್ತಿನಲ್ಲೇ, ಅತ್ತೆ ಇಲ್ಲಿ ಥೆರಪಿಸ್ಟಿನ ಮುಂದೆ ಹಾಸಿಗೆಯ ಅಂಚಿನಲ್ಲಿ ಕೂತು ಬಾಗುತ್ತಿದ್ದರಂತೆ. ಸೊಂಟದಿಂದ ಮುಂದಕ್ಕೆ, ಮೂಗು ಕಾಲ್ಬೆರಳಿನ ಮೇಲೆ ಬರುವವರೆಗೆ, ಆಮೇಲೆ ಬಲಗಾಲು ಒತ್ತಿ ಒಂದು ಅಂಗುಲ ಏಳುವುದು. ಮರುದಿನ ಎರಡು ಅಂಗುಲ. ಅವರಿಬ್ಬರಲ್ಲಿ ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಎಣಿಕೆಯೊಂದನ್ನು ಕಲಿಸಿ ಅತ್ತೆ ಕೆಲಸ ಸಾಗಿಸಿದ್ದರು. ನನಗೆ ಹೇಳಬೇಡವೆಂದು ತುಟಿಯ ಮೇಲೆ ಬೆರಳಿಟ್ಟು ತೋರಿಸಿದ್ದರಂತೆ. ಹೇಳಿದ್ದರೆ ನಾನು ಎತ್ತುವುದನ್ನು ಕಡಿಮೆ ಮಾಡುತ್ತಿದ್ದೆ ಎಂದು ಅವರಿಗೆ ಗೊತ್ತಿತ್ತು.

ಆದರೆ ಆ ಕ್ಷಣದಲ್ಲಿ ನನಗೆ ಇದು ಯಾವುದೂ ಗೊತ್ತಿರಲಿಲ್ಲ. ನಾವಿಬ್ಬರೂ ಎದುರುಬದುರು ನಿಂತಿದ್ದೆವು. ಅವರ ಮುಖ ನೋಡಲು ನಾನು ಕತ್ತೆತ್ತಬೇಕಾಯಿತು. ಎರಡು ತಿಂಗಳಿಂದ ಮಲಗಿದ್ದನ್ನು, ಕೂತಿದ್ದನ್ನು ಮಾತ್ರ ನೋಡಿ ನೋಡಿ, ಅತ್ತೆ ನನಗಿಂತ ಎತ್ತರ ಎಂಬುದನ್ನೇ ಮರೆತಿದ್ದೆ.

"ನಾ ಏನ್ ಅಕ್ಕಿ ಮೂಟಿ ಏನವಾ," ಎಂದು ಕಿವಿಯಲ್ಲಿ ಹೇಳಿದರು, "ಸುಮ್ಮನ ಎತ್ತಿಸ್ಕೊಳ್ಳಾಕ?"

ನನಗೆ ಗದರಲು ಆಗಲಿಲ್ಲ. ಕಣ್ಣೀರು ಸುರಿಯುತ್ತಿದ್ದ ಹಾಗೇ ಅವರನ್ನು ಬಲಕ್ಕೆ ತಿರುಗಿಸಿ, ಹಿಂದಕ್ಕೆ ಹೋಗುತ್ತ, ಮೆಲ್ಲಗೆ ಕುರ್ಚಿಯಲ್ಲಿ ಕೂರಿಸಿದೆ. ಥೆರಪಿಸ್ಟ್ ಏನೋ ಬರೆದುಕೊಂಡು, ನಾಳೆ ಮನೆಗೆ ಹೋಗಬಹುದು ಎಂದಳು. ಬಾಗಿಲ ಹತ್ತಿರ ಮನೆಯವರು ಮೂಗು ಒರೆಸಿಕೊಳ್ಳುತ್ತಿದ್ದರು. ಕಾಲಿಡುವ ತಟ್ಟೆಗಳನ್ನು ಬಿಡಿಸಿ, ಅತ್ತೆಯ ಪಾದಗಳನ್ನು ಒಂದೊಂದಾಗಿ ಎತ್ತಿಡಲು ಬಾಗಿದೆ. ಎಡಪಾದ ಇಟ್ಟೆ, ಬಲಪಾದ ಇಟ್ಟೆ. ಕೈ ತೆಗೆಯಲು ಮನಸ್ಸಾಗಲಿಲ್ಲ, ಪಾದಗಳ ಮೇಲೇ ಇಟ್ಟು ಹಾಗೇ ಇದ್ದೆ. ಅವರ ಬಲಗೈ ನನ್ನ ತಲೆಯ ಮೇಲೆ ಬರುತ್ತದೆ ಎಂದುಕೊಂಡಿದ್ದೆ. ಅದು ಕತ್ತಿನ ಹಿಂದೆ ಬಂತು, ರೆಕ್ಕೆಗಳ ನಡುವೆ ಇಳಿಯಿತು, ಸೊಂಟದವರೆಗೂ ನಿಧಾನವಾಗಿ ತಡವಿ ನೋಡಿತು.

"ನೆಟ್ಟಗದ," ಎಂದರು ಅತ್ತೆ. "ಏಳು."